ಸಂಪಾದಕರ ಉತ್ತರ: ಪರೀಕ್ಷೆಯಿಲ್ಲದೆ ಹೋದ ಅಧಿಕಾರಿಗಳು

ಮಂಗಳೂರಿನ ಓದುಗರೊಬ್ಬರು ನಮ್ಮ ಕಳೆದ ಸಂಚಿಕೆಯ ಲೇಖನವನ್ನು ಓದಿ ಹೀಗೆ ಕೇಳಿದ್ದಾರೆ: ‘ಭಾರತಕ್ಕೆ ಐಸಿಎಸ್ (ಇಂಡಿಯನ್ ಸಿವಿಲ್ ಸರ್ವಿಸ್) ಪರೀಕ್ಷೆ ಇಟ್ಟಿದ್ದ ಬ್ರಿಟಿಷರು ಆಫ್ರಿಕಾದ ವಸಾಹತುಗಳಿಗೆ ಪರೀಕ್ಷೆಯೇ ಇಲ್ಲದೆ ಅಧಿಕಾರಿಗಳನ್ನು ಕಳುಹಿಸಿದರೆಂದು ಬರೆದಿದ್ದೀರಿ. ಅದೆಲ್ಲ ಶಿಫಾರಸಿನ ನೇಮಕವೇ? ಇಂದಿಗೂ ಅವರ ಕೈಯಲ್ಲಿರುವ ದ್ವೀಪಗಳಿಗೆ ಯಾರು ಹೋಗುತ್ತಾರೆ?’

ಮಾನ್ಯರೇ, ಶಿಫಾರಸು ಎಂಬ ಮಾತು ಅರ್ಧ ಸರಿ. ಐಸಿಎಸ್‌ಗೆ 1855ರಿಂದ ಲಂಡನ್ನಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ನಡೆಯುತ್ತಿತ್ತು. ಸಿಲೋನ್ (ಇಂದಿನ ಶ್ರೀಲಂಕಾ), ಮಲಯ, ಹಾಂಗ್‌ಕಾಂಗ್‌ಗಳಿಗೆ ಹೋಗುವವರೂ ಬಹುಕಾಲ ಪರೀಕ್ಷೆ ಬರೆದೇ ಹೋದರು. ಆಫ್ರಿಕಾದ ಹುದ್ದೆಗಳು ಮಾತ್ರ ವಸಾಹತು ಸಚಿವರ ಕೈಯಲ್ಲಿದ್ದವು. ಅವರ ಪರವಾಗಿ ಆಯ್ಕೆಯನ್ನು ನೋಡಿಕೊಂಡವರಲ್ಲಿ ಮುಖ್ಯರು, 1910ರಲ್ಲಿ ಲಂಡನ್ನಿನ ವಸಾಹತು ಕಚೇರಿ ಸೇರಿ 1948ರಲ್ಲಿ ನಿವೃತ್ತರಾದ ರಾಲ್ಫ್ ಫರ್ಸ್. ಅಭ್ಯರ್ಥಿ ಓದಿದ ಶಾಲೆ, ಆಡಿದ ಆಟ, ಅಧ್ಯಾಪಕರು ಗುಟ್ಟಾಗಿ ಬರೆದ ಅಭಿಪ್ರಾಯ, ಕೊನೆಗೆ ಮುಖಾಮುಖಿ ಸಂದರ್ಶನ, ಇಷ್ಟರ ಮೇಲೆ ತೀರ್ಮಾನವಾಗುತ್ತಿತ್ತು. ಸಡಿಲ ತುಟಿ, ತಪ್ಪಿಸುವ ನೋಟ ಇವು ದೌರ್ಬಲ್ಯದ ಲಕ್ಷಣವಾಗಿರಬಹುದೆಂದು ಸಂದರ್ಶಕರಿಗೆ ಲಿಖಿತ ಸೂಚನೆಯೇ ಇತ್ತು. ಹೆಣ್ಣು ನೋಡಲು ಹೋದ ಹಿರಿಯರೂ ಇಷ್ಟು ಸೂಕ್ಷ್ಮವಾಗಿ ನೋಡಿರಲಾರರು. ದುಡ್ಡು ಕೊಟ್ಟು ಕೊಂಡ ಹುದ್ದೆಗಳಲ್ಲ ಇವು, ನಿಜ. ಆದರೆ ತಮ್ಮಂಥವರನ್ನೇ ತಾವು ಗುರುತಿಸಿಕೊಳ್ಳುವ ವ್ಯವಸ್ಥೆ. ಉತ್ತರಪತ್ರಿಕೆಗೆ ಮುಖವಿಲ್ಲ, ಆದ್ದರಿಂದಲೇ ಭಾರತೀಯರಾದ ಸತ್ಯೇಂದ್ರನಾಥ ಟ್ಯಾಗೋರರು 1863ರಲ್ಲಿ ಐಸಿಎಸ್‌ನಲ್ಲಿ ತೇರ್ಗಡೆಯಾದರು. ಫರ್ಸ್ ಅವರ ಕೊಠಡಿಯಲ್ಲಿ ಅದು ಸಾಧ್ಯವಿರಲಿಲ್ಲವೆಂದೇ ನನ್ನ ಅಂದಾಜು.

1930ರಲ್ಲಿ, ವಸಾಹತು ನೇಮಕಗಳನ್ನು ಪರಿಶೀಲಿಸಿದ ವಾರೆನ್ ಫಿಷರ್ ಸಮಿತಿಯ ಸಲಹೆಯಂತೆ ನೇಮಕ ಮಂಡಳಿ ರಚನೆಯಾಯಿತಾದರೂ ಸಂದರ್ಶನದ ಕ್ರಮ ಬದಲಾಗಲಿಲ್ಲ. ಬದಲಿಗೆ ಸಿಲೋನ್, ಮಲಯ ಮೊದಲಾದ ಪೂರ್ವದೇಶಗಳ ಪರೀಕ್ಷೆಯನ್ನೇ 1932ರಲ್ಲಿ ಕೈಬಿಟ್ಟರು!

ಇನ್ನು ಇಂದಿನ ಮಾತು. ಬ್ರಿಟನ್ನಿಗೆ ಈಗಲೂ 14 ಸಾಗರೋತ್ತರ ಪ್ರದೇಶಗಳಿವೆ. ಜನವಸತಿಯಿರುವ ಪ್ರದೇಶಗಳ ಗವರ್ನರ್‌ಗಳನ್ನು ಸರ್ಕಾರದ ಸಲಹೆಯಂತೆ ದೊರೆ ನೇಮಿಸುತ್ತಾರೆ. ಹೆಚ್ಚಿನವರು ವಿದೇಶಾಂಗ ಇಲಾಖೆಯ ಅನುಭವಿಗಳು, ಜಿಬ್ರಾಲ್ಟರಿಗೆ ಮಾತ್ರ ಬಹುಮಟ್ಟಿಗೆ ನಿವೃತ್ತ ಸೇನಾಧಿಕಾರಿಗಳು. ಐವತ್ತರ ಆಸುಪಾಸು ಜನರಿರುವ, ಪೆಸಿಫಿಕ್ ಸಾಗರದ ಪಿಟ್‌ಕೇರ್ನ್‌ಗೆ ಪ್ರತ್ಯೇಕ ಗವರ್ನರ್ ಇಲ್ಲ. ನ್ಯೂಜಿಲೆಂಡಿನ ರಾಜಧಾನಿ ವೆಲಿಂಗ್ಟನ್ನಿನ ಬ್ರಿಟಿಷ್ ಹೈಕಮಿಷನರೇ ಸಾವಿರಾರು ಕಿಲೋಮೀಟರ್ ಆಚೆಯಿಂದ ಆ ಹೊಣೆ ಹೊರುತ್ತಾರೆ. 1956ರವರೆಗೆ ನಿಮ್ಮೂರಿನ ಕಲೆಕ್ಟರರು ಇಂದಿನ ಲಕ್ಷದ್ವೀಪದ ಅಮಿನಿ, ಕಡ್ಮತ್ ದ್ವೀಪಗಳ ಆಡಳಿತವನ್ನು ಸಮುದ್ರದ ಈಚೆಯಿಂದ ನೋಡಿಕೊಂಡಂತೆಯೇ ಇದು. ದಕ್ಷಿಣ ಅಟ್ಲಾಂಟಿಕ್‌ನ, ವಿಮಾನ ನಿಲ್ದಾಣವಿಲ್ಲದ ಟ್ರಿಸ್ಟನ್ ಡ ಕುನ್ಯಾ ದ್ವೀಪಕ್ಕೆ ನೇಮಕಗೊಂಡ ಆಡಳಿತಾಧಿಕಾರಿ ಕೇಪ್‌ಟೌನಿನಿಂದ ಸುಮಾರು ಒಂದು ವಾರ ಹಡಗಿನಲ್ಲಿ ಸಾಗಬೇಕು. ಅಲ್ಲಿನ ಜನ ತಮ್ಮ ದ್ವೀಪ ಮಂಡಳಿಗೆ ಮತ ಹಾಕುತ್ತಾರೆ; ಹಡಗಿನಿಂದ ಇಳಿಯುವವರು ಯಾರೆಂಬುದು ಲಂಡನ್ನಿನಲ್ಲೇ ತೀರ್ಮಾನವಾಗಿರುತ್ತದೆ.