ಫೈನಾನ್ಸ್ ಬಿಟ್ಟು ದೇಣಿಗೆ ಎತ್ತುವ ಕೆಲಸಕ್ಕೆ ಬರಬಹುದಾ?

ಹದಿನೈದು ವರ್ಷ ಫೈನಾನ್ಸ್‌ನಲ್ಲಿದ್ದೇನೆ, ಮುಂಬೈಯಲ್ಲೇ ಯಾವುದಾದರೂ ಎನ್‌ಜಿಒಗೆ ಫಂಡ್‌ರೈಸಿಂಗ್‌ಗೆ ಹೋಗಲು ಲೆಕ್ಕ ಗೊತ್ತಿದ್ದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ನಾನೂ ನರಿಮನ್ ಪಾಯಿಂಟ್‌ನ ಒಂದು ಕಂಪನಿಯಲ್ಲಿ ಬಜೆಟ್ ನೋಡಿಕೊಂಡಿದ್ದು ಈ ಕಡೆ ಬಂದವನು. ಬೇರೆಯವರ ಖರ್ಚಿಗೆ "ಆಗಲ್ಲ" ಅಂತ ಬರೆಯುವುದೇ ಅಲ್ಲಿ ನನ್ನ ಕೆಲಸವಾಗಿತ್ತು. "ಕೊಡಿ" ಅನ್ನುವ ಮಾತು ಬಾಯಿಗೆ ಬರಲು ವರ್ಷ ಹಿಡಿಯಿತು.

ಮೊದಲ ಸಲ ಹೋಗಿದ್ದು ಘಾಟ್ಕೋಪರ್‌ನಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಉಡುಪಿ ಕಡೆಯವರೊಬ್ಬರ ಹತ್ತಿರ. ಮಕ್ಕಳ ಊಟದ ಯೋಜನೆ. ಲ್ಯಾಪ್‌ಟಾಪ್‌ನಲ್ಲಿ 22 ಸ್ಲೈಡ್. ಅವರು ಗಲ್ಲಾದಲ್ಲಿ ಕೂತು, ಗಿರಾಕಿಗಳಿಗೆ ಚಿಲ್ಲರೆ ಕೊಡುತ್ತಲೇ ಕೇಳಿಸಿಕೊಂಡರು. ಕೊನೆಗೆ, "ಒಂದು ಪ್ಲೇಟಿಗೆ ಎಷ್ಟು ಬೀಳ್ತದೆ?" ಎಂದರು. ನನ್ನ ಹತ್ತಿರ ತಾಲೂಕುವಾರು ಖರ್ಚಿತ್ತು, ಪ್ಲೇಟಿನ ಲೆಕ್ಕ ಇರಲಿಲ್ಲ. "ಹೋಗ್ಲಿ, ನಿಮಗೆ ಎಷ್ಟು ಬೇಕು ಅಂತಾದ್ರೂ ಹೇಳಿ ಮಾರಾಯ್ರೇ." ಅಷ್ಟು ಹೊತ್ತು ಮಾತಾಡಿ ಅದನ್ನೇ ಹೇಳಿರಲಿಲ್ಲ! ಕಾಫಿ ಕುಡಿಸಿ ಕಳಿಸಿದರು.

ಮುಂದಿನ ವಾರ ಒಂದೇ ಹಾಳೆಯಲ್ಲಿ ಅಕ್ಕಿ, ಬೇಳೆ, ಗ್ಯಾಸ್, ಅಡುಗೆಯವರ ಸಂಬಳ ಬರೆದುಕೊಂಡು ಹೋದೆ. ಗ್ಯಾಸಿನ ಲೆಕ್ಕ ಜಾಸ್ತಿ ಆಯಿತು ಅಂತ ಪೆನ್ನಿನಲ್ಲಿ ತಿದ್ದಿ, ನೋಟಿನ ಕಟ್ಟು ತೆಗೆದರು. ನಗದು 2,000 ರೂಪಾಯಿ ದಾಟಿದರೆ ನಿಮಗೆ ದೇಣಿಗೆಯ ಮೇಲಿನ 80ಜಿ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಚೆಕ್ ಕೊಡಿ ಎಂದೆ. ನೋಟು ಒಳಗಿಟ್ಟು ಒಂದು ನಿಮಿಷ ನನ್ನ ಮುಖ ನೋಡಿದರು. ಬರೆದ ಚೆಕ್ ಆ ಕಟ್ಟಿಗಿಂತ ದೊಡ್ಡದಿತ್ತು.

ಲೆಕ್ಕದ ಬುದ್ಧಿ ಉಪಯೋಗಕ್ಕೆ ಬರುವುದು ಇಂಥ ಕಡೆ. ಸಿಎಸ್‌ಆರ್‌ನಲ್ಲಂತೂ, ಅಂದರೆ ಕಂಪನಿಗಳು ಲಾಭದಲ್ಲಿ ಸಮಾಜದ ಕೆಲಸಕ್ಕೆ ಕೊಡಬೇಕಾದ ಹಣದ ವಿಷಯದಲ್ಲಿ, ನೀವು ಎಲ್ಲರಿಗಿಂತ ಮುಂದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಬೇಕು. ಯಾರ ಹತ್ತಿರ ಎಷ್ಟಿದೆ ಅಂತ ಬ್ಯಾಲೆನ್ಸ್ ಶೀಟ್ ನೋಡಿಯೇ ಹೇಳಿಬಿಡುತ್ತೀರಿ. ಆದರೆ ವರ್ಷದ ಲೆಕ್ಕ ಮುಗಿಸುವ ಅವಸರದಲ್ಲಿ ಮಾರ್ಚ್‌ನಲ್ಲಿ ಬರುವ ಫೋನ್‌ಗೆ ಮರುಳಾಗಬೇಡಿ. ಒಂದು ಕಂಪನಿ 28ನೇ ತಾರೀಖು ಹಣ ಕೊಡುತ್ತೇವೆ, 31ರೊಳಗೆ ಪೂರ್ತಿ ಖರ್ಚಾಯಿತು ಅಂತ ಸರ್ಟಿಫಿಕೇಟ್ ಕೊಡಿ ಎಂದಿತು. ಬೇಡ ಎಂದೆ. ನಮ್ಮ ಟ್ರಸ್ಟಿಗಳು ತಿಂಗಳು ಪೂರ್ತಿ ಮುಖ ಕೊಟ್ಟು ಮಾತಾಡಲಿಲ್ಲ.

ಸಂಬಳ? ನನ್ನದು ಅರ್ಧಕ್ಕಿಂತ ಕೆಳಗಿಳಿಯಿತು. ಥಾಣೆಯ ಫ್ಲ್ಯಾಟಿನ ಸಾಲ ತೀರಿದ ಮೇಲೇ ಬಂದೆ. ಮೊದಲು ಮನೆಯವರ ಹತ್ತಿರ ಮಾತಾಡಿ.

ರಾಜೀನಾಮೆಗೆ ಮುಂಚೆ ಒಂದು ಕೆಲಸ ಮಾಡಿ. ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಯಾವುದಾದರೂ ಸಂಸ್ಥೆಗಾಗಿ ಓಡಿ, ಪರಿಚಯದವರ ಹತ್ತಿರ ಹಣ ಎತ್ತಿ ನೋಡಿ. ಸುಮ್ನೆ ವಾಟ್ಸಾಪ್‌ನಲ್ಲಿ ಲಿಂಕ್ ಹಾಕಬೇಡಿ. ಇಪ್ಪತ್ತು ಜನಕ್ಕೆ ಫೋನ್ ಮಾಡಿ, ಮೊತ್ತ ಹೇಳಿ ಕೇಳಿ. ಮೂರನೇ ಫೋನ್‌ಗೇ ಸಾಕಪ್ಪಾ ಅನ್ನಿಸಿದರೆ ಬೇಜಾರಾಗಬೇಡಿ. ನಮ್ಮಲ್ಲಿ ಅಕೌಂಟ್ಸ್ ನೋಡುವವರಿಗೂ ಬರ ಇದೆ, ಆ ಬಾಗಿಲಿನಿಂದ ಬನ್ನಿ.