ಸೋಫಾ ಮೇಲಿಂದ ಜಿಗಿಯುವವನ ಪರವಾಗಿ

“ಸಂಪಾದಕರಿಗೆ ನಮಸ್ಕಾರ. ನನಗೆ ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ. ಹೊರಗೆ ಆಡಲು ಜಾಗವಿಲ್ಲ. ಮೊಬೈಲು ಬಿಡಿಸಲೆಂದು ದಿನಕ್ಕೆ ನಲವತ್ತು ನಿಮಿಷದ ವ್ಯಾಯಾಮದ ವೇಳಾಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಮಾಡಿದ ದಿನಕ್ಕೊಂದು ನಕ್ಷತ್ರ. ಒಂಬತ್ತನೇ ದಿನಕ್ಕೆ ಇಬ್ಬರೂ ಕೈಯೆತ್ತಿಬಿಟ್ಟರು. ಮಕ್ಕಳು ಮನೆಯೊಳಗೇ ಮೈ ಬಗ್ಗಿಸುವಂಥ ಮೋಜಿನ ಉಪಾಯಗಳಿದ್ದರೆ ತಿಳಿಸಿ. ಮರೆತಿದ್ದೆ, ಮಗ ದಿನವಿಡೀ ಸೋಫಾ ಮೇಲಿಂದ ಜಿಗಿಯುತ್ತಾನೆ. ಕೆಳಗಿನ ಮನೆಯವರು ಎರಡು ಸಲ ಬಂದು ಹೇಳಿ ಹೋದರು. ಇದನ್ನು ಬಿಡಿಸುವುದು ಹೇಗೆ?”
— ಓದುಗರೊಬ್ಬರು

ತಾಯೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಮರುಕ ಬಂತು, ಎರಡನೇ ಸಲ ನಗು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಿಮ್ಮ ಮೊದಲ ಪ್ರಶ್ನೆಯ ಉತ್ತರ ಆ ‘ಮರೆತಿದ್ದೆ’ ಎಂಬ ಸಾಲಿನಲ್ಲೇ ಕೂತಿದೆ. ಕೂತಿಲ್ಲ, ಜಿಗಿಯುತ್ತಿದೆ.

ವೇಳಾಪಟ್ಟಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕೆಲವು ಮಕ್ಕಳಿಗೆ ಯಾರಾದರೂ ಎದುರು ನಿಂತು ಹೇಳಿಕೊಟ್ಟರೇ ಹುರುಪು. ವೈದ್ಯರು ಹೇಳಿದ ವ್ಯಾಯಾಮವನ್ನಂತೂ ಎಣಿಸಿಯೇ ಮಾಡಿಸಬೇಕು. ಜಡಿಮಳೆ ಹಿಡಿದ ದಿನ ಅರ್ಧ ಗಂಟೆ ವಿಡಿಯೋ ಹಾಕಿ ಕುಣಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಇಷ್ಟು ಒಪ್ಪಿಕೊಂಡೆನಲ್ಲ, ಇನ್ನು ಜಗಳಕ್ಕೆ ಬರುತ್ತೇನೆ.

ಆ ನಕ್ಷತ್ರಗಳ ಮೇಲೆ ನನಗೆ ಸಿಟ್ಟಿದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1973ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮುಂಚೆಯೇ ಹೇಳಿದರು. ಇನ್ನೊಂದಕ್ಕೆ ಹೇಳದೆ, ಬರೆದಾದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಅದೇ ಪೆನ್ನುಗಳನ್ನು ತರಗತಿಯಲ್ಲಿಟ್ಟು, ಬಹುಮಾನದ ಸುದ್ದಿಯೇ ಎತ್ತದೆ ನೋಡುತ್ತಾ ಕೂತರು. ಮೊದಲೇ ಆಸೆ ಹುಟ್ಟಿಸಿದ್ದ ಮಕ್ಕಳು ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಹಿಡಿದರು. ಆಟಕ್ಕೆ ಕೂಲಿ ಗೊತ್ತುಮಾಡಿದ ಕೂಡಲೇ ಅದು ಕೆಲಸವಾಗುತ್ತದೆ. ಕೆಲಸ ತಪ್ಪಿಸಿಕೊಳ್ಳುವುದು ನಿಮಗೂ ಗೊತ್ತು, ನನಗೂ ಗೊತ್ತು. ನಿಮ್ಮ ಮಕ್ಕಳು ಅದನ್ನು ಕಲಿಯಲು ಒಂಬತ್ತು ದಿನ ತೆಗೆದುಕೊಂಡರು, ಅಷ್ಟೆ.

ಇನ್ನು ಆ ನಲವತ್ತು ನಿಮಿಷ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಜೋರಾಗುವಷ್ಟು ಮೈ ದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಮೂರು–ನಾಲ್ಕು ವರ್ಷದವರಿಗೆ ಅದು 2019ರಲ್ಲಿ ಹೇಳಿದ ಲೆಕ್ಕ 180 ನಿಮಿಷ, ಅದರಲ್ಲಿ 60 ನಿಮಿಷವಾದರೂ ಜೋರಿನದು. ಮೂರು ಗಂಟೆ! ಯಾವ ವೇಳಾಪಟ್ಟಿ ಅಷ್ಟು ದೂರ ಎಳೆದೀತು? ಎಳೆಯಬೇಕಾಗಿಯೂ ಇಲ್ಲ. ದಿನವಿಡೀ ಚೂರುಚೂರಾಗಿ ಆದರೂ ಲೆಕ್ಕಕ್ಕೆ ಸೇರುತ್ತದೆ. ಮಕ್ಕಳ ಮೈ ಓಡುವ ಬಗೆಯೇ ಹಾಗೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದವರು ಆರರಿಂದ ಹತ್ತು ವರ್ಷದ 15 ಮಕ್ಕಳ ಬೆನ್ನುಬಿದ್ದು, ಮೂರು ಸೆಕೆಂಡಿಗೊಮ್ಮೆ ಏನು ಮಾಡುತ್ತಿದ್ದಾರೆಂದು ಬರೆದುಕೊಂಡರು. ಸಾಧಾರಣ ಓಡಾಟ ಒಂದು ಸಲಕ್ಕೆ ಸುಮಾರು 6 ಸೆಕೆಂಡು. ಜೋರಾದ ಕುಣಿದಾಟ ಬರೀ 3 ಸೆಕೆಂಡು. ಗುಬ್ಬಚ್ಚಿಯ ಹಾಗೆ ಪುರ್ ಅಂತ ಹಾರಿ, ಕೂತು, ಮತ್ತೆ ಹಾರುವ ಜೀವವನ್ನು ಸಾಲಾಗಿ ನಿಲ್ಲಿಸಿ ‘ಇನ್ನೂ ಹತ್ತು ನಿಮಿಷ’ ಎಂದರೆ ಅದು ಗೋಡೆ ಕಡೆ ನೋಡದೆ ಇನ್ನೇನು ಮಾಡುತ್ತದೆ?

ಈಗ ಸೋಫಾಕ್ಕೆ ಬರೋಣ. ನಂಟರ ಮನೆಯಲ್ಲಿ ಇಂಥದೇ ಒಬ್ಬ ನಾಲ್ಕು ವರ್ಷದವನನ್ನು ನಾನು ಒಂದು ಮಧ್ಯಾಹ್ನವೆಲ್ಲ ನೋಡಿದ್ದೇನೆ. ದೊಡ್ಡವರು ಒಳಗೆ ಮಾತಾಡುತ್ತಿದ್ದರು, ಅವನು ಮತ್ತು ನಾನು ಹೊರಗೆ. ದಿಂಬೊಂದನ್ನು ನೆಲಕ್ಕೆ ಎಸೆದ. ಕಾಲಲ್ಲಿ ಒಂಚೂರು ಆಚೆ ತಳ್ಳಿದ. ಸೋಫಾ ಅಂಚಿಗೆ ಬೆರಳು ಕೊಕ್ಕೆ ಹಾಕಿ ನಿಂತು, ಎರಡೂ ಕೈ ಹಿಂದಕ್ಕೆ ಬೀಸಿ ಹಾರಿದ. ಮೊದಲೆರಡು ಸಲ ಹಿಮ್ಮಡಿ ನೆಲಕ್ಕೆ ಬಡಿದು ಹಲ್ಲು ಕಚ್ಚಿದ. ಮೂರನೇ ಸಲಕ್ಕೆ ಯಾರೂ ಹೇಳದೆ ಮಂಡಿ ಬಗ್ಗಿಸಿದ. ಆರನೇ ಸಲ ಸದ್ದೇ ಇಲ್ಲದೆ ದಿಂಬಿನ ಮೇಲಿಳಿದು, ನನ್ನತ್ತ ತಿರುಗಿಯೂ ನೋಡದೆ, ದಿಂಬನ್ನು ಒಂದು ಗೇಣು ಮುಂದಕ್ಕಿಟ್ಟ. ಆ ಒಂದು ಗೇಣು ಇದೆಯಲ್ಲ, ಅದನ್ನು ಯಾವ ತರಬೇತುದಾರನೂ ಅಷ್ಟು ಕರಾರುವಾಕ್ಕಾಗಿ ಅಳೆದುಕೊಡಲಾರ.

ಜಿಗಿತ ಬರೀ ತುಂಟತನವಲ್ಲ. ನೆಲ ಕೊಡುವ ಹೊಡೆತಕ್ಕೆ ತಕ್ಕಂತೆ ಎಲುಬು ತನ್ನನ್ನು ಗಟ್ಟಿಮಾಡಿಕೊಳ್ಳುತ್ತದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹತ್ತು ವರ್ಷದೊಳಗಿನ ಮಕ್ಕಳನ್ನು 61 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ ಮೇಲಿಂದ ಸಲಕ್ಕೆ 100 ಬಾರಿ, ವಾರದಲ್ಲಿ 3 ದಿನ, ಏಳು ತಿಂಗಳು ಜಿಗಿಸಿದರು. ಬರೀ ಮೈ ಎಳೆದು ಬಗ್ಗಿಸುವ ವ್ಯಾಯಾಮ ಮಾಡಿದ ಮಕ್ಕಳಿಗಿಂತ ಇವರ ಸೊಂಟದ, ಬೆನ್ನಿನ ಎಲುಬಿನಲ್ಲಿ ಹೆಚ್ಚು ಸತ್ವ ತುಂಬಿತ್ತು. ನಿಮ್ಮ ಮಗ ಹೆಚ್ಚುಕಡಿಮೆ ಅದೇ ಕೆಲಸವನ್ನು ನಕ್ಷತ್ರವಿಲ್ಲದೆ ಮಾಡುತ್ತಿದ್ದಾನೆ.

ಹಾಗಂತ ಕೆಳಗಿನ ಮನೆಯವರ ನೆತ್ತಿಯ ಮೇಲೆ ಕುಣಿಯಲಿ ಎನ್ನುವುದಿಲ್ಲ. ಟೀಪಾಯಿಯನ್ನು ಗೋಡೆಗೆ ಸರಿಸಿ, ಹಳೇ ಹಾಸಿಗೆ ನೆಲಕ್ಕೆ ಹಾಕಿ. ಜಿಗಿತದ ಹೊತ್ತು ಯಾವುದೆಂದು ಅವರನ್ನೇ ಕೇಳಿ ಗೊತ್ತುಮಾಡಿಕೊಳ್ಳಿ. ಎರಡು ಸಲ ಬಂದವರು ಮೂರನೇ ಸಲ ಮಾತಾಡಿ ಹೋಗಲಿ. ಉಳಿದ ಹೊತ್ತಿಗೆ ಸದ್ದಿಲ್ಲದ ಆಟಗಳು ಬೇಕಾದಷ್ಟಿವೆ. ಕೂತು, ಕೈಗಳನ್ನು ಬೆನ್ನ ಹಿಂದೆ ಊರಿ, ಸೊಂಟ ಎತ್ತಿ ಏಡಿಯ ಹಾಗೆ ಅಡ್ಡಡ್ಡ ನಡೆಯುವುದು, ಅಕ್ಕ ಕಾಲು ಹಿಡಿದರೆ ತಮ್ಮ ಕೈಯಲ್ಲಿ ನಡೆಯುವ ಕೈಗಾಡಿ, ಕುರ್ಚಿಗಳ ಮೇಲೆ ಹೊದಿಕೆ ಹಾಸಿ ತೆವಳುವ ಸುರಂಗ.

ಬಲೂನಿನ ಬಗ್ಗೆ ಎರಡು ಮಾತು ಹೆಚ್ಚೇ ಹೇಳುತ್ತೇನೆ, ಅದು ನನ್ನ ದೌರ್ಬಲ್ಯ. ತೂಕ ಕಡಿಮೆ, ಮೈ ದೊಡ್ಡದು. ಹಾಗಾಗಿ ಗಾಳಿ ಅದನ್ನು ತಡೆತಡೆದು ಇಳಿಸುತ್ತದೆ. ಚೆಂಡು ಹಿಡಿಯಲಾಗದ ನಾಲ್ಕು ವರ್ಷದ ಕೈಗೆ ಬಲೂನು ಕಾದು ಕೊಡುತ್ತದೆ. ‘ನೆಲ ಮುಟ್ಟಬಾರದು’ ಎಂಬ ಒಂದೇ ನಿಯಮ ಸಾಕು, ಇಬ್ಬರೂ ಮಂಚದ ಮೇಲಿಂದ ಬಾಗಿಲವರೆಗೆ ಬೆವರುತ್ತಾರೆ. ಒಡೆದ ಚೂರನ್ನು ಮಾತ್ರ ತಕ್ಷಣ ಎತ್ತಿಬಿಡಿ, ಚಿಕ್ಕವರು ಬಾಯಿಗೆ ಹಾಕಿದರೆ ಉಸಿರುಗಟ್ಟುತ್ತದೆ.

ಮಗಳ ವಿಷಯ ಬೇರೆ. ಏಳು ವರ್ಷಕ್ಕೆ ಆಟಕ್ಕಿಂತ ಕಾನೂನು ರುಚಿಸುತ್ತದೆ. ಅವಳ ಕೈಗೊಂದು ಅಂಟುಪಟ್ಟಿಯ ಸುರುಳಿ ಕೊಟ್ಟು ನೀವು ಒಳಗೆ ಹೋಗಿಬಿಡಿ. ನೆಲದ ಮೇಲೆ ಕುಂಟೆಬಿಲ್ಲೆಯ ಮನೆಗಳು ಏಳುತ್ತವೆ, ಕೆರೆ–ದಡದ ಗೆರೆ ಬೀಳುತ್ತದೆ, ‘ಇಲ್ಲಿ ಕಾಲಿಟ್ಟರೆ ಔಟು’ ಎಂಬ ಜಗಳವೂ ಹುಟ್ಟುತ್ತದೆ. ಜಗಳಕ್ಕೆ ನ್ಯಾಯ ಹೇಳಲು ಓಡಿ ಬರಬೇಡಿ. ಚಿತ್ರಕಾರ ಪೀಟರ್ ಬ್ರೂಗಲ್ 1560ರಲ್ಲಿ ಬರೆದ, ಮಕ್ಕಳಾಟಗಳದೇ ಒಂದು ಚಿತ್ರವಿದೆ. ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತರಷ್ಟು ಆಟ. ಪೀಪಾಯಿ ಏರಿದವರು, ಬಳೆ ಉರುಳಿಸುವವರು, ಬಗ್ಗಿದವನ ಬೆನ್ನು ಹಾರುವವರು. ಹೇಳಿಕೊಡುವ ಮೇಷ್ಟ್ರು ಎಲ್ಲಿದ್ದಾರೆಂದು ಭೂತಗನ್ನಡಿ ಹಿಡಿದು ಹುಡುಕಿದೆ. ಸಿಗಲಿಲ್ಲ.

ನನ್ನ ಹೊಟ್ಟೆಯುರಿ ಇರುವುದು ನಿಮ್ಮ ಮೇಲಲ್ಲ. ನಾನು ಓದಿದ ಶಾಲೆಯಲ್ಲಿ ವಾರಕ್ಕೆರಡು ಆಟದ ಪೀರಿಯಡ್ಡು ಇದ್ದವು. ಗಣಿತದ ಪಾಠ ಹಿಂದೆ ಬಿದ್ದಾಗಲೆಲ್ಲ ಅವನ್ನೇ ನುಂಗುತ್ತಿದ್ದರು. ಆಟದ ಪಾಠ ಹಿಂದೆ ಬಿತ್ತೆಂದು ಗಣಿತದ ಪೀರಿಯಡ್ಡು ಬಿಟ್ಟುಕೊಟ್ಟಿದ್ದನ್ನು ನಾನು ಕಂಡಿಲ್ಲ. ಮನೆಯೂ ಈಗ ಅದೇ ಶಾಲೆಯ ದಾರಿ ಹಿಡಿದಿದೆ. ವರ್ಷಕ್ಕೆರಡು ಸಲ ಬರುವ ಅತಿಥಿಗಾಗಿ ನಡುಮನೆಯ ತುಂಬ ಗಾಜು, ಹೂದಾನಿ. ಅಲ್ಲೇ ವರ್ಷವಿಡೀ ಬದುಕುವ ಮಗುವಿಗೆ ‘ಮುಟ್ಟಬೇಡ’. ಬೆಳಗಿನಿಂದ ಸಂಜೆವರೆಗೆ ‘ಸುಮ್ನೆ ಕೂತ್ಕೋ’ ಎಂದು ಹೇಳಿ, ಸಂಜೆ ಆರಕ್ಕೆ ದುಡ್ಡು ಕೊಟ್ಟು ‘ಎದ್ದು ಓಡು’ ಎಂದು ಕಳಿಸುತ್ತೇವೆ. ಸುಮ್ಮನೆ ಕೂರುವುದನ್ನು ಚೆನ್ನಾಗಿ ಕಲಿತ ಮೇಲೆ ಕೈಗೆ ಮೊಬೈಲು ಬಂದದ್ದಕ್ಕೆ ಮೊಬೈಲನ್ನೇ ಬೈಯುತ್ತೇವೆ.

ಲಂಡನ್ನಿನ ಬಸ್ ನೌಕರರ ಬಗ್ಗೆ ಜೆರ್ರಿ ಮಾರಿಸ್ ಎಂಬ ವೈದ್ಯ 1953ರಲ್ಲಿ ಬರೆದದ್ದು ನನ್ನ ಬೆನ್ನು ಬಿಟ್ಟಿಲ್ಲ. ದಿನವಿಡೀ ಕೂತು ಓಡಿಸುವ ಡ್ರೈವರುಗಳಿಗಿಂತ, ಎರಡಂತಸ್ತಿನ ಬಸ್ಸಿನಲ್ಲಿ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಇಲ್ಲಿ ಎಂಟು ಗಂಟೆ ಕುರ್ಚಿಗಂಟಿಕೊಂಡು ನಿಮಗೆ ಉಪದೇಶ ಬರೆಯುತ್ತಿರುವ ನಾನು ಯಾವ ಸಾಲಿನವನೆಂದು ಹೇಳಬೇಕಿಲ್ಲ. ಈ ಪತ್ರ ಮುಗಿಸಿ ಮೂರು ಮಹಡಿ ಇಳಿದು ಹತ್ತಿ ಬರುತ್ತೇನೆ.

ನೀವು ಆ ನಕ್ಷತ್ರಗಳ ಹಾಳೆ ಕಿತ್ತು ಉಂಡೆ ಮಾಡಿ, ಅಕ್ಕತಮ್ಮಂದಿರಿಗೆ ಎಸೆದಾಡಲು ಕೊಡಿ. ಮುಂದಿನ ಪತ್ರದಲ್ಲಿ ದಿಂಬು ಸೋಫಾದಿಂದ ಎಷ್ಟು ಗೇಣು ದೂರ ಹೋಗಿದೆ ಎಂದು ಅಳೆದು ಬರೆಯಿರಿ.

— ಸಂ.