ಪೆಲ್ವಿಕ್ ಫ್ಲೋರ್ ಚಿಕಿತ್ಸೆ: ಮೊದಲ ಭೇಟಿಯಲ್ಲಿ ಏನಾಗುತ್ತದೆ?

ಪ್ರಶ್ನೆ: ನನಗೆ 36 ವರ್ಷ. ಎರಡನೆಯ ಹೆರಿಗೆಯಾದಾಗಿನಿಂದ ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ತುಸು ಮೂತ್ರ ಸೋರುತ್ತದೆ. ಸ್ತ್ರೀರೋಗ ತಜ್ಞರು ಪೆಲ್ವಿಕ್ ಫ್ಲೋರ್ (ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊರುವ ಸ್ನಾಯುಗಳು) ಫಿಸಿಯೋಥೆರಪಿ ಮಾಡಿಸಿಕೊಳ್ಳಲು ಸೂಚಿಸಿದ್ದಾರೆ. ಅಲ್ಲಿ ಏನು ಮಾಡುತ್ತಾರೆಂದು ತಿಳಿಯದೆ, ಸಂಕೋಚವೂ ಸೇರಿ, ಮುಂದೂಡುತ್ತಲೇ ಬಂದಿದ್ದೇನೆ. ಒಳಪರೀಕ್ಷೆ ಮಾಡಿಸಿಕೊಳ್ಳಲೇಬೇಕೆ? ಈ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮವನ್ನು ಮನೆಯಲ್ಲಿಯೇ ಮಾಡಿದರೆ ಸಾಲದೆ?
(ಹೆಸರು ಪ್ರಕಟಿಸುವುದು ಬೇಡವೆಂದಿರುವ ಓದುಗರು)

ಉತ್ತರ: ಒಳಪರೀಕ್ಷೆ ಕಡ್ಡಾಯವಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಯಾರೂ ಮಾಡುವಂತಿಲ್ಲ. ಒಪ್ಪಿದ ಮೇಲೂ ನಡುವೆ ಬೇಡವೆನಿಸಿದರೆ ನಿಲ್ಲಿಸಲು ಹೇಳಬಹುದು. ಒಪ್ಪಿದಲ್ಲಿ, ಚಿಕಿತ್ಸಕರು ಕೈಗವಸು ತೊಟ್ಟು, ಜೆಲ್ ಹಚ್ಚಿದ ಬೆರಳಿನಿಂದ ಯೋನಿಯೊಳಗಿನ ಸ್ನಾಯುಗಳನ್ನು ಮುಟ್ಟಿ ನೋಡುತ್ತಾರೆ. ಬಿಗಿಹಿಡಿಯಲು ಹೇಳಿ, ಎಷ್ಟು ಬಲವಿದೆ, ಎಷ್ಟು ಸೆಕೆಂಡು ನಿಲ್ಲುತ್ತದೆ, ಬಿಟ್ಟಾಗ ಪೂರ್ತಿ ಸಡಿಲವಾಗುತ್ತದೆಯೇ, ಎಲ್ಲಾದರೂ ನೋವಿದೆಯೇ ಎಂಬುದನ್ನು ಗಮನಿಸುತ್ತಾರೆ. ಮಹಿಳಾ ಚಿಕಿತ್ಸಕರೇ ಬೇಕೆಂದಾಗಲಿ, ಜೊತೆಗೊಬ್ಬರು ಇರಬೇಕೆಂದಾಗಲಿ ಮೊದಲೇ ಕೇಳಿಕೊಳ್ಳಿ. ಒಳಪರೀಕ್ಷೆ ಬೇಡವೆಂದರೆ ಹೊರಗಿನಿಂದ ನೋಡಿ, ಅಥವಾ ಕಿಬ್ಬೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟು ಸ್ನಾಯುಗಳ ಚಲನೆಯನ್ನು ತಿಳಿಯಬಹುದು. ಸಿಗುವ ಮಾಹಿತಿ ಸ್ವಲ್ಪ ಕಡಿಮೆಯಾದರೂ ಚಿಕಿತ್ಸೆ ಆರಂಭಿಸಲು ಅಡ್ಡಿಯಿಲ್ಲ.

ಮೊದಲ ಭೇಟಿಯ ಬಹುಪಾಲು ಸಮಯ ಮಾತುಕತೆಯಲ್ಲಿಯೇ ಕಳೆಯುತ್ತದೆ. ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀರಿ, ಮಲಬದ್ಧತೆ ಇದೆಯೇ, ಹೆರಿಗೆಯಲ್ಲಿ ಹೊಲಿಗೆ ಬಿದ್ದಿತ್ತೇ, ಲೈಂಗಿಕ ಸಂಪರ್ಕದ ವೇಳೆ ನೋವಾಗುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಈ ಕೊನೆಯ ಪ್ರಶ್ನೆಗೆ ‘ಹಾಗೇನಿಲ್ಲ’ ಎಂದು ಮುಗಿಸಿಬಿಡುವವರುಂಟು. ಆದರೆ ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಲ್ಲ ಉತ್ತರ ಅದು. ಏನು, ಎಷ್ಟು ಕುಡಿದಿರಿ, ಯಾವಾಗ ಸೋರಿತು ಎಂಬುದನ್ನು ಮೂರು ದಿನ ಬರೆದಿಟ್ಟುಕೊಂಡು ಹೋದರೆ ಇಬ್ಬರಿಗೂ ಅನುಕೂಲ.

ಇನ್ನು ಮನೆಯ ವ್ಯಾಯಾಮದ ಮಾತು. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದಾಗ, ಅದನ್ನು ಬರಿಯ ಬಾಯಿಮಾತಿನಲ್ಲಿ ಹೇಳಿ ಕಳುಹಿಸುವ ವಿಧಾನವನ್ನಾಗಿ ಮುಂದಿಟ್ಟಿರಲಿಲ್ಲ. ಸ್ನಾಯುವಿನ ಒತ್ತಡವನ್ನು ಮಹಿಳೆಯೇ ಕಣ್ಣಾರೆ ಕಾಣುವಂಥ ಸಾಧನವನ್ನೂ ಅವರು ಬಳಸುತ್ತಿದ್ದರು. ಕಾರಣವಿಷ್ಟೇ: ಈ ಸ್ನಾಯುಗಳು ಕಣ್ಣಿಗೆ ಕಾಣುವುದಿಲ್ಲ. ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಅವು ಜೋಲಿಯಂತೆ ಕೆಳಗಿನಿಂದ ಹೊತ್ತಿರುತ್ತವೆ. ಅವುಗಳನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದೇನೆಂದು ತಿಳಿದು ತೊಡೆ, ಪೃಷ್ಠಗಳನ್ನು ಬಿಗಿ ಮಾಡುವವರು, ಉಸಿರು ಕಟ್ಟಿ ಕೆಳಕ್ಕೆ ಮುಕ್ಕುವವರು ಬಹಳ ಮಂದಿ. ಕೆಲವರಲ್ಲಿ ಸ್ನಾಯುಗಳು ದುರ್ಬಲವಾಗಿರುವುದರ ಬದಲು ಸದಾ ಬಿಗಿದುಕೊಂಡೇ ಇರುತ್ತವೆ. ಅಂಥವರು ಇನ್ನಷ್ಟು ಬಿಗಿಗೊಳಿಸಿದರೆ ನೋವು ಹೆಚ್ಚಬಹುದು, ಅವರಿಗೆ ಉಸಿರಾಟದ ಜೊತೆ ಸಡಿಲಬಿಡುವುದನ್ನೇ ಮೊದಲು ಕಲಿಸಬೇಕು. ಆದ್ದರಿಂದ ಒಮ್ಮೆಯಾದರೂ ತಿಳಿದವರಿಂದ ಪರೀಕ್ಷಿಸಿಕೊಂಡು ಮುಂದುವರಿಯುವುದೇ ಸರಿಯೆಂದು ನನ್ನ ಅಭಿಪ್ರಾಯ.

ನಿಮ್ಮಂಥ ಸೋರಿಕೆಗೆ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯು ಕನಿಷ್ಠ 3 ತಿಂಗಳು, ದಿನಕ್ಕೆ 3 ಸಲ, ಪ್ರತಿ ಸಲವೂ ಕನಿಷ್ಠ 8 ಬಾರಿ ಬಿಗಿಹಿಡಿಯುವ ಅಭ್ಯಾಸವನ್ನು ಮೇಲ್ವಿಚಾರಣೆಯಲ್ಲಿ ಮಾಡಿಸಬೇಕೆನ್ನುತ್ತದೆ. ಹೊಟ್ಟೆಯ ಗಾಳಿಯನ್ನು ತಡೆಯುವಂತೆ ಒಳಕ್ಕೂ ಮೇಲಕ್ಕೂ ಎಳೆದು, ಆಮೇಲೆ ಪೂರ್ತಿ ಬಿಡಬೇಕು. ಕೆಮ್ಮು ಬರುವ ಕ್ಷಣಕ್ಕೆ ಮೊದಲೇ ಬಿಗಿಹಿಡಿಯುವುದನ್ನೂ ಕಲಿಸುತ್ತಾರೆ. ನಿತ್ಯಜೀವನದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಮೂತ್ರ ಮಾಡುವಾಗ ನಡುವೆ ತಡೆಹಿಡಿಯುವುದನ್ನು ಮಾತ್ರ ವ್ಯಾಯಾಮವಾಗಿಸಿಕೊಳ್ಳಬೇಡಿ, ಅದರಿಂದ ಮೂತ್ರಕೋಶ ಸರಿಯಾಗಿ ಖಾಲಿಯಾಗದಿರಬಹುದು.

ಸುಧಾರಣೆ ನಿಧಾನವಾಗಿ ಕಾಣಿಸುತ್ತದೆ. ಮೂರು ತಿಂಗಳಾದರೂ ಬದಲಾವಣೆಯಿಲ್ಲದಿದ್ದರೆ ಯೋನಿಯೊಳಗೆ ಇಡುವ ಪೆಸರಿ, ಶಸ್ತ್ರಚಿಕಿತ್ಸೆ ಮೊದಲಾದ ದಾರಿಗಳನ್ನು ಸ್ತ್ರೀರೋಗ ತಜ್ಞರೊಡನೆ ಚರ್ಚಿಸಬಹುದು. ಮೂತ್ರದಲ್ಲಿ ರಕ್ತ, ಉರಿಯೊಡನೆ ಜ್ವರ ಕಂಡುಬಂದರೆ ತಡಮಾಡದೆ ವೈದ್ಯರನ್ನು ಕಾಣಿ. ಮೂತ್ರ ಕಟ್ಟಿಕೊಂಡರೆ ಅಥವಾ ತೊಡೆಸಂದಿಯಲ್ಲಿ ಮರಗಟ್ಟಿದಂತಾದರೆ ಕೂಡಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.